ಕ್ರೇನು ಬರುವ ಮುಂಚೆ

ಆ ದಿನ ಫೋನು ಬಂದಾಗ ನಾನು ಒಬ್ಬ ಅಜ್ಜಿಯ ಬೆನ್ನ ಮೇಲಿನ ಕುರು ಸೀಳಿ ಕೀವು ತೆಗೆಯುತ್ತಿದ್ದೆ. ಕನಕಪುರದ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಗೆ ಆಗ ನಾನೊಬ್ಬಳೇ ಸರ್ಜನ್. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು, ಬೆಂಗಳೂರಿಗೆ ಎಷ್ಟು ಜಲ್ಲಿ ಕಳಿಸಿದರೂ ಸಾಲುತ್ತಿರಲಿಲ್ಲ. ನಮ್ಮ ಕಡೆಯ ಬಂಡೆಗಳನ್ನು ಒಡೆದೊಡೆದು ಲಾರಿಗೆ ತುಂಬುತ್ತಿದ್ದರು. ಅದರ ಜೊತೆಗೆ ಆಸ್ಪತ್ರೆಗೆ ಬರುವ ಗಾಯಗಳೂ ಬದಲಾಗಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಡುಗೋಲು ತಗುಲಿದ ಬೆರಳು, ಎತ್ತು ತಿವಿದ ಹೊಟ್ಟೆ ನೋಡಿದವಳು ಆಮೇಲಾಮೇಲೆ ಕಲ್ಲಿನ ಚೂರು ಹೊಕ್ಕ ಕಣ್ಣು, ಕ್ರಷರಿನ ಬೆಲ್ಟಿಗೆ ಸಿಕ್ಕ ತೋಳು ನೋಡತೊಡಗಿದ್ದೆ.

ಫೋನು ಮಾಡಿದವರು ಅಗ್ನಿಶಾಮಕ ದಳದ ಅಧಿಕಾರಿ. ಅವರ ದನಿಯ ಹಿಂದೆ ಯಾರೋ ಕೂಗಾಡುತ್ತಿದ್ದುದು ಕೇಳಿಸುತ್ತಿತ್ತು.

"ಮೇಡಂ, ಕೋಡಿಹಳ್ಳಿ ರೋಡಲ್ಲಿ ಒಂದು ಕ್ವಾರಿ ಐತೆ. ಬಂಡೆ ಜಾರಿ ಒಬ್ಬನ ಕಾಲ್ ಮೇಲೆ ಕುಂತ್ಬುಟ್ಟೈತೆ. ನೀವು ಬರ್ಬೇಕು."

"ಬೇಗ ಇಲ್ಲಿಗೆ ಕರಕೊಂಡು ಬನ್ನಿ, ನಾನು ಥಿಯೇಟರು ಸಿದ್ಧ ಮಾಡಿಸ್ತೀನಿ" ಅಂದೆ.

"ಕರ್ಕಂಡ್ ಬರಂಗಿದ್ರೆ ನಿಮ್ಗ್ಯಾಕೆ ಫೋನ್ ಮಾಡ್ತಿದ್ದೆ ಮೇಡಂ? ಕಾಲು ಅಲ್ಲೇ ಬುಟ್ಟು ಮನ್ಸನ್ನ ತರ್ಬೇಕಾಗೈತೆ."

ಆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಾಲು ಕತ್ತರಿಸುವುದು ನನಗೆ ಹೊಸದಲ್ಲ. ಸಕ್ಕರೆ ಕಾಯಿಲೆಯಿಂದ ಕೊಳೆತ ಪಾದಗಳನ್ನು ಎಷ್ಟೋ ತೆಗೆದಿದ್ದೆ. ಆದರೆ ಆಗೆಲ್ಲ ತಲೆಯ ಮೇಲೆ ದೀಪ, ಪಕ್ಕದಲ್ಲಿ ಅರಿವಳಿಕೆಯ ಡಾಕ್ಟರು, ಕೈ ಚಾಚಿದರೆ ಬೇಕಾದ ಉಪಕರಣ ಇರುತ್ತಿದ್ದವು. ಅರಿವಳಿಕೆಯವರು ವಾರದ ಕೆಲವು ದಿನ ಮಾತ್ರ ಬರುತ್ತಿದ್ದರು, ಅಂದು ಅವರ ದಿನವಲ್ಲ. ನಮ್ಮ ಹಿರಿಯ ಡಾಕ್ಟರು ಮೀಟಿಂಗಿಗೆ ಬೆಂಗಳೂರಿಗೆ ಹೋಗಿದ್ದರು. ಹೋಗಲೋ ಬೇಡವೋ ಎಂದು ಕೇಳಲು ಯಾರೂ ಇರಲಿಲ್ಲ.

ಥಿಯೇಟರಿನ ಸಿಸ್ಟರ್ ಒಬ್ಬರು ಮಾತ್ರ ಇದ್ದರು. ಹಾರೋಬೆಲೆ ಕಡೆಯವರು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ವಿಷಯ ಹೇಳಿದೆ. ಅವರು ಕೊರಳಿನ ಶಿಲುಬೆಯನ್ನು ಒಮ್ಮೆ ಮುಟ್ಟಿಕೊಂಡು, "ಏನೇನು ಹಾಕ್ಲಿ ಮೇಡಂ?" ಎಂದಷ್ಟೇ ಕೇಳಿದರು. ಚಾಕು, ರಕ್ತನಾಳ ಹಿಡಿಯುವ ಇಕ್ಕಳಗಳು, ದಾರ, ತೊಡೆಗೆ ಬಿಗಿಯಲು ರಬ್ಬರಿನ ಪಟ್ಟಿ, ಸಲೈನ್, ಅರಿವಳಿಕೆಯ ಚುಚ್ಚುಮದ್ದು, ಮೂಳೆ ಕೊಯ್ಯುವ ತಂತಿ ಗರಗಸ. ಅದು ಹೆಣೆದ ಉಕ್ಕಿನ ತಂತಿ. ಎರಡು ತುದಿಗೂ ಹಿಡಿಕೆ ಸಿಕ್ಕಿಸಿ ಆಚೆಗೊಮ್ಮೆ ಈಚೆಗೊಮ್ಮೆ ಎಳೆದರೆ ಮೂಳೆ ತುಂಡಾಗುತ್ತದೆ. ಸಿಸ್ಟರ್ ಇನ್ನೊಂದು ತಂತಿಯನ್ನೂ ಸುತ್ತಿ ಡಬ್ಬಿಯೊಳಗಿಟ್ಟರು.

ಇಬ್ಬರೂ ಆಂಬುಲೆನ್ಸು ಹತ್ತಿದೆವು. ಮೇ ತಿಂಗಳ ಧಗೆ. ದಾರಿಯುದ್ದಕ್ಕೂ ಜಲ್ಲಿ ಲಾರಿಗಳು ಎಬ್ಬಿಸಿದ ಧೂಳು ಹಿಪ್ಪುನೇರಳೆ ತೋಟಗಳ ಎಲೆ ಮೇಲೆಲ್ಲ ಬೂದಿಯಂತೆ ಕೂತಿತ್ತು. ದೂರದಲ್ಲಿ, ದಕ್ಷಿಣಕ್ಕೆ, ಮೋಡ ಕಟ್ಟುತ್ತಿತ್ತು. ಬೇರೆ ದಿನವಾಗಿದ್ದರೆ ಸಂಜೆಗೆ ಮಳೆ ಬಂದು ತಂಪಾದೀತೆಂದು ಖುಷಿಪಡುತ್ತಿದ್ದೆ.

ಕ್ವಾರಿಯ ಬಾಯಲ್ಲಿ ಜನ ಗುಂಪುಗೂಡಿದ್ದರು. ಎಲ್ಲರೂ ಅಂಚಿನಿಂದ ಹಿಂದಕ್ಕೇ ನಿಂತಿದ್ದರು, ಒಬ್ಬರೂ ಒಳಗೆ ಇಣುಕುತ್ತಿರಲಿಲ್ಲ. ಅದನ್ನು ನೋಡಿದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಮ್ಮ ಕಡೆ ಎಲ್ಲಿ ಏನಾದರೂ ಆದರೆ ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಾರೆ.

ಅಧಿಕಾರಿ ಓಡಿ ಬಂದರು. ಮೈಯೆಲ್ಲ ಬಿಳಿ ಪುಡಿ. "ಮೊದ್ಲು ಮೊಬೈಲ್ ಆಫ್ ಮಾಡಿ ಮೇಡಂ. ಸಿಸ್ಟರ್, ನೀವೂನೂ."

"ಯಾಕೆ?"

"ಬೆಳಗ್ಗೆ ಮದ್ದು ಹೊಡ್ದವ್ರೆ. ಮದ್ದು ತುಂಬಿದ್ ಎಲ್ಲಾ ತೂತೂ ಸಿಡಿದಿಲ್ಲ. ಒಂದು ಅಂಗೇ ಒಳ್ಗೇ ಉಳ್ಕಂಡೈತೆ. ಮದ್ದಿಗೆ ಕಿಡಿ ಕೊಡೋ ಕೇಪು ಕರೆಂಟಲ್ಲಿ ಸಿಡಿಯೋದು. ಮೊಬೈಲ್ ಹತ್ರ ಇರ್ಬಾರ್ದು ಅಂತಾರೆ."

"ಮದ್ದು ಇಟ್ಟವನು ಎಲ್ಲಿ? ಅವನನ್ನೇ ಕರೆಸಿ ತೆಗೆಸಬಹುದಲ್ಲ?"

"ಪೋಲೀಸ್ ಬತ್ತಾರೆ ಅಂತ ಪರಾರಿ. ಇನ್ನೊಬ್ಬನ್ನ ಮಾಗಡಿ ಕಡೆಯಿಂದ ಕರುಸ್ತಾವ್ರೆ. ಕ್ರೇನೂ ಬಿಡದಿಯಿಂದ ಒರಟೈತಂತೆ. ಯಾವಾಗ ಬತ್ತದೋ ದೇವ್ರೇ ಬಲ್ಲ."

ಅವರು ಕೈ ತೋರಿಸಿದ ಕಡೆ ನೋಡಿದೆ. ಗುಂಡಿಯ ತಳದಲ್ಲಿ, ಗೋಡೆಯಂತೆ ನಿಂತಿದ್ದ ಬಂಡೆಯ ಬುಡದಲ್ಲಿ, ಒಂದು ದೊಡ್ಡ ಹಾಸುಗಲ್ಲು ಓರೆಯಾಗಿ ಕೂತಿತ್ತು. ಅದರ ಮೇಲುಗಡೆ ಇನ್ನೊಂದು, ಅರ್ಧ ಕಳಚಿಕೊಂಡು, ಅಲ್ಲೇ ತಡೆದು ನಿಂತಿತ್ತು. ಆ ಎರಡನೆಯದರ ಪಕ್ಕದಲ್ಲಿ ಗೋಡೆಯೊಳಗಿಂದ ಎರಡು ಹಳದಿ ತಂತಿ ಇಳಿಬಿದ್ದಿದ್ದವು. ಅಷ್ಟು ದೂರದಿಂದಲೂ ಆ ಹಳದಿ ಬಣ್ಣ ಎದ್ದು ಕಾಣುತ್ತಿತ್ತು.

"ಜಾಕ್ ಹಾಕಿ ನೋಡಿದ್ವಿ" ಎಂದರು ಅಧಿಕಾರಿ. "ಕೆಳಗಿನ ಕಲ್ಲು ಕೂದಲೆಳೆಯಷ್ಟು ಎದ್ರೆ ಮೇಲಿಂದು ಕಿರ್ ಅನ್ನುತ್ತೆ. ಬುಟ್ಬುಟ್ವಿ."

ನನಗೆ ಮಗಳ ನೆನಪಾಯಿತು. ಆಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಬೆಳಗ್ಗೆ ಹೊರಡುವಾಗ ಜಡೆ ಹಾಕೆಂದು ಹಟ ಮಾಡಿದ್ದಳು, ಹೊತ್ತಾಯಿತೆಂದು ಅತ್ತೆಯ ಕೈಗೆ ಕೊಟ್ಟು ಬಂದಿದ್ದೆ. ಮನೆಗೆ ಒಂದು ಮಾತು ಹೇಳಬೇಕೆನಿಸಿತು. ಮೊಬೈಲು ಆಗಲೇ ಆಫ್ ಆಗಿತ್ತು.

ಅವರು ನಮಗೆ ತಲೆ ಕಾಯುವ ಗಟ್ಟಿ ಹಳದಿ ಟೊಪ್ಪಿಗೆಗಳನ್ನು ಕೊಟ್ಟರು. ನನ್ನದು ದೊಡ್ಡದಾಗಿ ಕಣ್ಣ ಮೇಲೆ ಜಾರುತ್ತಿತ್ತು. ಲಾರಿ ಇಳಿಯುವ ಇಳಿಜಾರಿನಲ್ಲಿ ನಾವು ಮೂವರೂ ಇಳಿದೆವು. ಒಳಗೆ ಗಾಳಿಯೇ ಇರಲಿಲ್ಲ. ನಮ್ಮ ಹೆಜ್ಜೆಯ ಸದ್ದು ಗೋಡೆಗೆ ಬಡಿದು ಹಿಂದಿನಿಂದ ಯಾರೋ ಬರುತ್ತಿರುವಂತೆ ಕೇಳುತ್ತಿತ್ತು. ನಾನು ತಂತಿಗಳ ಕಡೆ ನೋಡಬಾರದೆಂದುಕೊಂಡು ಅವುಗಳನ್ನೇ ನೋಡುತ್ತಾ ನಡೆದೆ.

ಕಲ್ಲಿನ ಕೆಳಗೆ ಸಿಕ್ಕಿದ್ದವನು ಕಂಪ್ರೆಸರಿನಿಂದ ತೂತು ಕೊರೆಯುವ ಕೆಲಸಗಾರ. ಮೂವತ್ತು ದಾಟಿದ ಗಟ್ಟಿ ಆಳು. ಬೆನ್ನ ಮೇಲೆ ಬಿದ್ದುಕೊಂಡಿದ್ದ, ಎಡಗಾಲು ಮೊಣಕಾಲಿನ ಕೆಳಗೆ ಕಲ್ಲಿನಡಿ ಮಾಯವಾಗಿತ್ತು. ಯಾರೋ ಟವೆಲ್ ಬಿಗಿದು ಕಟ್ಟಿದ್ದರು, ಅದು ನೆನೆದು ತೊಟ್ಟಿಕ್ಕುತ್ತಿತ್ತು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಅವನ ಅಕ್ಕ. ಅದೇ ಕ್ವಾರಿಯಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆಯುವವಳು. ಇಬ್ಬರೂ ದೊಡ್ಡಆಲಹಳ್ಳಿ ಹತ್ತಿರದ ಹಳ್ಳಿಯವರು.

"ಈಯಮ್ಮನ್ನ ಎಷ್ಟ್ ಕರುದ್ರೂ ಮೇಲಕ್ಕೆ ಬತ್ತಿಲ್ಲ" ಎಂದರು ಅಧಿಕಾರಿ. "ಏಳವ್ವ, ಡಾಕ್ಟ್ರು ಬಂದವ್ರೆ, ಇನ್ನಾದ್ರೂ ಆಚೆಗೋಗು."

"ನಾನೋದ್ರೆ ಅವ್ನ ತಲೆ ಯಾರ್ ಇಡ್ಕಂತಾರೆ? ನೀವ್ ಇಡ್ಕಂತೀರಾ?" ಎಂದಳು ಆಕೆ.

ನಾನು ಮಂಡಿಯೂರಿ ಅವನ ನಾಡಿ ಹಿಡಿದೆ. ತೀರಾ ವೇಗ, ತೀರಾ ತೆಳು. ತೊಡೆಗೆ ರಬ್ಬರ್ ಪಟ್ಟಿ ಸುತ್ತಿ ಬಿಗಿದೆ, ಸಿಸ್ಟರ್ ಎರಡೂ ಕೈಗೆ ಸೂಜಿ ಹಾಕಿ ಸಲೈನ್ ಹಚ್ಚಿದರು. ಅಧಿಕಾರಿ ಬಾಟಲಿಗಳನ್ನು ಎತ್ತಿ ಹಿಡಿದುಕೊಂಡರು. ರಕ್ತ ನಿಂತಿತು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ.

ನಾನು ಕಾಲಿನ ವಿಷಯ ಹೇಳಿದೆ. ಸುತ್ತಿಬಳಸಿ ಹೇಳುವಷ್ಟು ಹೊತ್ತಿರಲಿಲ್ಲ. ಪಾದ ಜಜ್ಜಿಹೋಗಿದೆ, ಅದು ಉಳಿಯುವುದಿಲ್ಲ, ಜೀವ ಉಳಿಯಬೇಕಾದರೆ ಕಾಲನ್ನು ಇಲ್ಲೇ ಬಿಟ್ಟು ಹೊರಡಬೇಕು ಎಂದೆ.

"ಕ್ರೇನ್ ಬತ್ತೈತಂತೆ" ಎಂದ ಅವನು. "ಒಸಿ ಕಾಯಿ ಡಾಕ್ಟ್ರಮ್ಮ. ಕ್ರೇನ್ ಬಂದ್ರೆ ಎತ್ತಾಕ್ತಾರೆ. ಆಮೇಲೆ ನೀವೇನ್ ಬೇಕಾದ್ರೂ ಮಾಡಿ."

ಕಾದೆ. ಅವನು ಕೇಳಿಕೊಂಡನೆಂದು ಕಾದೆ, ನನಗೂ ಕೊಯ್ಯಲು ಧೈರ್ಯ ಸಾಲದೆ ಕಾದೆ. ಸಿಸ್ಟರ್ ನಾಡಿ ಎಣಿಸುತ್ತಾ ಪ್ರತಿ ಸಲವೂ ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಮೇಲಿನಿಂದ ಆಗಾಗ ಪುಡಿ ಉದುರುತ್ತಿತ್ತು. ಸಕ್ಕರೆ ಚೆಲ್ಲಿದಂಥ ಸಣ್ಣ ಸದ್ದು. ಆ ಸದ್ದು ನಿಂತರೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಆಗ ಗುಡುಗಿತು. ದೂರದಲ್ಲಿ, ಯಾರೋ ಅಟ್ಟದ ಮೇಲೆ ಡ್ರಮ್ಮು ಉರುಳಿಸಿದಂತೆ. ಅಧಿಕಾರಿ ತಲೆಯೆತ್ತಿ ಹಳದಿ ತಂತಿಗಳ ಕಡೆ ನೋಡಿದರು.

"ಮೇಡಂ" ಎಂದು ಪಿಸುಗುಟ್ಟಿದರು, "ಸಿಡಿಲು ಹತ್ರಕ್ಕೆ ಬಂದ್ರೂ ಆ ಕೇಪು ಸಿಡೀತದೆ. ತಂತಿ ಆಚೆಗೇ ಅದಾವಲ್ಲ."

ನಾನು ಮತ್ತೆ ಅವನ ಕಡೆ ಬಾಗಿದೆ. "ಇನ್ನು ಕಾಯಕ್ಕೆ ಆಗಲ್ಲಪ್ಪ. ನೀನು ಹೂಂ ಅನ್ನಬೇಕು."

ಅವನು ಕತ್ತು ತಿರುಗಿಸಿ ಅಕ್ಕನ ಮುಖ ನೋಡಿದ. ಆಕೆ ಅವನ ಹಣೆಯ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆ, ಅವನ ಕಣ್ಣು ತಪ್ಪಿಸದೆ, "ತಗೀರಿ ಡಾಕ್ಟ್ರಮ್ಮ" ಅಂದಳು.

"ಅಕ್ಕಾ, ನೀನೂ ಇಂಗಂದ್ಬುಟ್ಟಾ?"

"ಅಂದ್ಬುಟ್ಟೆ ಕಣ್ಲಾ. ಬೈಯೋದಿದ್ರೆ ಆಮೇಕೆ ಬೈ."

ಅವನು ಕಣ್ಣು ಮುಚ್ಚಿಕೊಂಡ. "ಮಂಡಿಯಾದ್ರೂ ಉಳ್ಸಿ" ಎಂದ ಕೊನೆಗೆ. ಉಳಿಸುತ್ತೇನೆ ಎಂದು ಹೇಳುವಷ್ಟು ನಂಬಿಕೆ ನನಗಿರಲಿಲ್ಲ. ನೋಡ್ತೀನಿ ಎಂದೆ.

ಅರಿವಳಿಕೆಯ ಮದ್ದನ್ನು ನಾನೇ ಕೊಟ್ಟೆ. ಉಸಿರು ಕಟ್ಟದಂತೆ ನೋವು ಮರೆಸುವ ಮದ್ದು ಅದು. ಕೊಟ್ಟ ಮೇಲೂ ರೋಗಿಯ ಕಣ್ಣು ತೆರೆದೇ ಇರಬಹುದು. ಅದನ್ನು ಅಕ್ಕನಿಗೆ ಹೇಳಲು ಮರೆತಿದ್ದೆ. ಅವನು ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತಾ, "ಹೋ... ಹೋ... ಬಲಕ್ಕೆ, ಬಲಕ್ಕೆ" ಎಂದು ಎತ್ತುಗಳನ್ನು ತಿರುಗಿಸುವವನಂತೆ ಮಾತಾಡತೊಡಗಿದಾಗ ಅಕ್ಕ ಬೆಚ್ಚಿಬಿದ್ದಳು.

"ಅಯ್ಯೋ, ಎಚ್ರ ಐತೆ ಅವ್ನಿಗೆ! ಕುಯ್ಯಬ್ಯಾಡಿ!"

"ಇಲ್ಲಮ್ಮ, ಅವನಿಗೆ ಗೊತ್ತಾಗಲ್ಲ. ಅದು ಮದ್ದಿನ ಕನಸು. ನೀನು ಆ ಕಡೆ ತಿರುಗು" ಎಂದೆ. ಆಕೆ ತಿರುಗಲಿಲ್ಲ.

ಕಾಲಿನ ಹತ್ತಿರ ಹೋಗಬೇಕಾದರೆ ಹೊಟ್ಟೆಯ ಮೇಲೆ ತೆವಳಿ ಓರೆ ಕಲ್ಲಿನಡಿ ನುಸುಳಬೇಕಿತ್ತು. ಚಿಕ್ಕಂದಿನಿಂದಲೂ ನನಗೆ ಇಕ್ಕಟ್ಟಾದ ಜಾಗಗಳೆಂದರೆ ಆಗದು. ಕಣಜದೊಳಗೆ ಇಳಿಯೆಂದರೆ ಅಳುತ್ತಿದ್ದೆ. ಈಗ ಬಂಡೆಯ ಹೊಟ್ಟೆ ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರವಿತ್ತು. ಬಿಸಿಲಿಗೆ ಕಾದ ಕಲ್ಲಿನ ಶಾಖ, ಸುಟ್ಟ ಮದ್ದಿನ ವಾಸನೆ, ರಕ್ತದ ವಾಸನೆ. ಸಿಸ್ಟರ್ ನನ್ನ ಎದುರಿಗೆ, ಕಾಲಿನ ಆ ಬದಿಯಲ್ಲಿ, ಮಗ್ಗುಲಾಗಿ ಮಲಗಿ ಒಂದು ಕೈಯಲ್ಲಿ ಟಾರ್ಚ್ ಹಿಡಿದುಕೊಂಡರು. ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ, ಮಾತು ಕೇಳಿಸಲಿಲ್ಲ.

ಚರ್ಮ ಸೀಳಿದೆ. ಅಷ್ಟು ವರ್ಷ ಮಾಡಿದ ಕೆಲಸವನ್ನು ಬೆರಳುಗಳು ತಾವಾಗಿಯೇ ಮಾಡತೊಡಗಿದವು. ಮಾಂಸಖಂಡ ಬಿಡಿಸಿದೆ, ರಕ್ತನಾಳಗಳನ್ನು ಹಿಡಿದು ಕಟ್ಟಿದೆ. ಹಿಂದಿನ ಸಣ್ಣ ಮೂಳೆ ಬೇಗ ತುಂಡಾಯಿತು. ಮುಂದಿನ ದೊಡ್ಡ ಮೂಳೆಯ ಸುತ್ತ ತಂತಿ ತೂರಿಸಿದೆ. ಆ ಇಕ್ಕಟ್ಟಿನಲ್ಲಿ ಒಬ್ಬರೇ ಎರಡು ಕೈ ಬಿಚ್ಚಿ ಎಳೆಯಲು ಆಗುತ್ತಿರಲಿಲ್ಲ. ಒಂದು ಹಿಡಿಕೆ ನಾನು, ಇನ್ನೊಂದು ಸಿಸ್ಟರ್. ಮರ ಕೊಯ್ಯುವವರ ಹಾಗೆ ಒಬ್ಬರಾದ ಮೇಲೊಬ್ಬರು ಎಳೆದೆವು. ಟಾರ್ಚು ನೆಲದ ಮೇಲೆ ಉರುಳಿ ಬಿದ್ದು, ಬೆಳಕು ನಮ್ಮ ಮೊಣಕೈಗಳಿಗೆ ಮಾತ್ರ ಬೀಳುತ್ತಿತ್ತು.

ಮೂಳೆ ಅರ್ಧ ಕೊಯ್ದಾಗಿತ್ತು. ಟಣ್ ಎಂದು ತಂತಿ ತುಂಡಾಯಿತು.

ನನ್ನ ಹಿಡಿಕೆ ಹಗುರಾಗಿ ಎದೆಗೆ ಬಂದು ಬಡಿಯಿತು. ಒಂದು ಕ್ಷಣ ಮದ್ದು ಸಿಡಿದೇಬಿಟ್ಟಿತು ಅಂದುಕೊಂಡೆ. ಸಿಸ್ಟರ್ ಆಗಲೇ ಹಿಂದಕ್ಕೆ ಕೈ ಚಾಚಿ ಡಬ್ಬಿಯೊಳಗಿದ್ದ ಇನ್ನೊಂದು ತಂತಿಗಾಗಿ ತಡಕುತ್ತಿದ್ದರು. ಅದನ್ನು ಹಿಡಿಕೆಗೆ ಸಿಕ್ಕಿಸುವಾಗ ಮೇಲೆ ಏನೋ ಕರಕರ ಎಂದಿತು. ಈ ಸಲ ಸಕ್ಕರೆ ಚೆಲ್ಲಿದ ಸದ್ದಲ್ಲ. ಅಂಚಿನಿಂದ ಯಾರೋ "ಓಡ್ರೋ, ಓಡ್ರೋ!" ಎಂದು ಕಿರುಚಿದರು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಬಂದು ನಮ್ಮ ಉಪಕರಣಗಳ ತಟ್ಟೆಯ ಮೇಲೆ ಬಿತ್ತು. ತಟ್ಟೆ ಮಡಚಿಹೋಯಿತು.

ಆಮೇಲೆ ಎಷ್ಟೋ ಜನ ನನ್ನನ್ನು ಧೈರ್ಯವಂತೆ ಎಂದಿದ್ದಾರೆ. ನಡೆದದ್ದು ಇಷ್ಟು: ನಾನು ಓಡಬೇಕೆಂದುಕೊಂಡೆ. ಹಿಂದಕ್ಕೆ ಜಾರಲು ಮೊಣಕೈ ಊರಿದೆ. ಕಾಲುಗಳು ಮಾತು ಕೇಳಲಿಲ್ಲ. ಸೊಂಟದಿಂದ ಕೆಳಗೆ ನನಗೆ ಮೈಯೇ ಇಲ್ಲದಂತಾಗಿತ್ತು. ಬಂಡೆಯಡಿ ಸಿಕ್ಕಿದವನು ನಾನೇ ಅನ್ನಿಸಿತು. ಅಲುಗಲು ಆಗದಿದ್ದಾಗ, ಅಲುಗುತ್ತಿದ್ದ ಕೈಗಳಿಂದ ಹೊಸ ತಂತಿಯನ್ನು ಮೂಳೆಗೆ ಸುತ್ತಿದೆ. ಬೇರೇನು ಮಾಡಲೂ ತೋಚಲಿಲ್ಲ.

"ಎಳೀರಿ ಸಿಸ್ಟರ್."

ಅವರು ಎಳೆದರು. ನಾನು ಎಳೆದೆ. ತಲೆಯ ಹತ್ತಿರ ಅಕ್ಕ, ಅವನ ಮುಖದ ಮೇಲೆ ತನ್ನ ಮೈಯನ್ನೇ ಕವುಚಿ ಹಾಕಿ, "ಏನಿಲ್ಲ ಮಗಾ, ಏನಿಲ್ಲ, ಆಯ್ತು ಕನ ಮಗಾ" ಎನ್ನುತ್ತಿದ್ದಳು. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಆ ಮಾತು ಕೇಳಿಸುತ್ತಿದ್ದುದು ನನಗೆ.

ಮೂಳೆ ಬಿಟ್ಟುಕೊಂಡಿತು. ಮಂಡಿಯ ಕೆಳಗೆ ಅಂಗೈಯಗಲದಷ್ಟು ಉಳಿದಿತ್ತು. ಬಟ್ಟೆ ಸುತ್ತಿ ಬಿಗಿದೆವು. ಅಧಿಕಾರಿಯೂ ಹಲಗೆ ಹಿಡಿದು ಮೇಲಿನಿಂದ ಇಳಿದು ಬಂದ ಅವರ ದಳದ ಇಬ್ಬರೂ ಅವನ ಕಂಕುಳಿಗೆ ಕೈ ಹಾಕಿ ಎಳೆದು ಹಲಗೆಯ ಮೇಲೆ ಹಾಕಿಕೊಂಡರು. ನನ್ನನ್ನು ಕೂಡ ಯಾರೋ ಕಾಲು ಹಿಡಿದು ಎಳೆದರು. ಅದಾದ ಮೇಲೆಯೇ ನನ್ನ ಕಾಲಿಗೆ ಜೀವ ಬಂದದ್ದು. ಇಳಿಜಾರನ್ನು ಹೇಗೆ ಹತ್ತಿದೆನೋ ನೆನಪಿಲ್ಲ. ಮೇಲೆ ಬಂದಾಗ ದಪ್ಪ ಹನಿಗಳು ಬೀಳುತ್ತಿದ್ದವು, ಮಿಂಚು ಗುಡ್ಡದ ಆ ಬದಿಗೆ ಬಂದಿತ್ತು.

ಆಂಬುಲೆನ್ಸು ಊರಿನ ಕಡೆ ಹೊರಟು ಒಂದೆರಡು ತಿರುವು ದಾಟಿರಬೇಕು. ಚಾಲಕ ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿ ನಿಲ್ಲಿಸಿದ. ಎದುರಿನಿಂದ ದೊಡ್ಡದೇನೋ ಬರುತ್ತಿತ್ತು. ದೀಪ ಹಚ್ಚಿಕೊಂಡು, ಮಳೆಯಲ್ಲಿ ನಿಧಾನವಾಗಿ, ಇಡೀ ರಸ್ತೆ ತುಂಬಿಕೊಂಡು. ಕಿಟಕಿಯ ಪಕ್ಕ ಹಾದುಹೋಗುವಾಗ ಅದರ ಕಬ್ಬಿಣದ ಕೊಕ್ಕೆ ತೂಗಾಡುತ್ತಿತ್ತು. ಕ್ರೇನು.

ನಾನು ಹಲಗೆಯ ಮೇಲೆ ಮಲಗಿದ್ದವನನ್ನು ನೋಡಿದೆ. ಎಡಗಾಲಿನ ಜಾಗದಲ್ಲಿ ಬಟ್ಟೆಯ ಗಂಟು. ಮತ್ತೆ ಕ್ರೇನಿನ ಕಡೆ ನೋಡಿದೆ. ಸಿಸ್ಟರ್ ಅಂಗೈಯನ್ನು ನನ್ನ ಕಣ್ಣಿಗೆ ಅಡ್ಡ ಹಿಡಿದರು. "ನೋಡಬೇಡಿ ಮೇಡಂ" ಎಂದರು. "ನಾಡಿ ನೋಡಿ."

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ, ರಾತ್ರಿ ಪಾಳಿಗೆ ಬಂದ ಇನ್ನೊಬ್ಬ ಡಾಕ್ಟರ ಜೊತೆ ಬೆಂಗಳೂರಿಗೆ ಕಳಿಸಿದೆವು. ಅವನ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಜಜ್ಜಿದ ಮಾಂಸದ ವಿಷ ಮೂತ್ರಪಿಂಡಕ್ಕೆ ಇಳಿದರೆ ಹಾಗಾಗುತ್ತದೆ. ಬದುಕುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಮನೆಗೆ ಬಂದಾಗ ಮಗಳು ಓಡಿ ಬಂದು ತಬ್ಬಿಕೊಂಡಳು. ನನ್ನ ಮೊಣಕೈ ತರಚಿದ್ದು ನೋಡಿ, "ಅಮ್ಮ, ನೀನು ಬಿದ್ದುಬಿಟ್ಟಾ?" ಎಂದು ಕೇಳಿದಳು. ಹೂಂ ಎಂದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕ್ವಾರಿಯಲ್ಲಿ ಬಾರದ ನಡುಕ ಆಗ ಬಂತು. ಅತ್ತೆ ಹೊರಗಿನಿಂದ ಕರೆಯುತ್ತಿದ್ದರು, ನಾನು ನೀರಿನ ನಲ್ಲಿ ತಿರುಗಿಸಿ ಸದ್ದು ಮಾಡುತ್ತಾ ನೆಲದ ಮೇಲೆ ಕೂತಿದ್ದೆ.

ಬಂಡೆ ಬೀಳುವ ಭಯ ಕೆಲವು ದಿನಗಳಲ್ಲಿ ಕಡಿಮೆಯಾಯಿತು. ಅದರ ಜಾಗಕ್ಕೆ ಇನ್ನೊಂದು ಬಂತು. ಹಿರಿಯ ಡಾಕ್ಟರು ಬೆಂಗಳೂರಿನಿಂದ ಬಂದವರು ಎಲ್ಲ ಕೇಳಿ, ಬೆನ್ನು ತಟ್ಟಿ, ಆಮೇಲೆ ತಮ್ಮಷ್ಟಕ್ಕೆ ತಾವೇ ಎಂಬಂತೆ, "ಕ್ರೇನು ಅಷ್ಟು ಬೇಗ ಬಂತಾ?" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ನಿಂತಿತು. ಊಟ ಮಾಡುವಾಗ, ಮಗಳ ತಲೆ ಬಾಚುವಾಗ, ಬೇರೊಬ್ಬರ ಹೊಟ್ಟೆಗೆ ಹೊಲಿಗೆ ಹಾಕುವಾಗ ಆ ತೂಗಾಡುವ ಕೊಕ್ಕೆ ಕಣ್ಣ ಮುಂದೆ ಬರುತ್ತಿತ್ತು. ಇನ್ನೊಂದಿಷ್ಟು ಕಾದಿದ್ದರೆ? ಆ ಪಾದ ಹೇಗೂ ಉಳಿಯುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ, ನಾನು ಕೊಯ್ದದ್ದು ಅವನ ಜೀವಕ್ಕಾಗಿಯೋ, ಆ ಗುಂಡಿಯಿಂದ ನಾನು ಬೇಗ ಹೊರಗೆ ಬರಲೆಂದೋ? ಈ ಪ್ರಶ್ನೆಗೆ ಹೆದರಿ ನಾನು ಯಾರ ಹತ್ತಿರವೂ ಆ ದಿನದ ಮಾತೆತ್ತುತ್ತಿರಲಿಲ್ಲ. ಥಿಯೇಟರಿನಲ್ಲಿ ಸಿಸ್ಟರ್ ಎದುರು ನಿಂತಾಗಲೂ ಎತ್ತಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಅವನ ಅಕ್ಕ ಆಸ್ಪತ್ರೆಗೆ ಬಂದಳು. ಬಾಗಿಲಲ್ಲಿ ನಿಂತವಳನ್ನು ನೋಡಿ ಸತ್ತ ಸುದ್ದಿ ಎಂದುಕೊಂಡೆ. ಆಕೆ ಸೆರಗಿನ ಗಂಟು ಬಿಚ್ಚಿ ನುಗ್ಗೆಸೊಪ್ಪಿನ ಕಟ್ಟು ಮೇಜಿನ ಮೇಲಿಟ್ಟಳು.

"ಮನೆಗ್ ಬಂದವ್ನೆ ಡಾಕ್ಟ್ರಮ್ಮ. ಉಚ್ಚೆ ಸರೋಯ್ತು. ಗಾಯಾನೂ ಮಾಯ್ತಾ ಐತೆ. ಮಂಡಿ ಉಳೀತು."

ನಾನು ಕುರ್ಚಿಗೆ ಒರಗಿದೆ. ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಅವತ್ತು ಕ್ರೇನು ಬಂತಲ್ಲ, ಎತ್ತಿದರಾ?"

"ಎಲ್ ಎತ್ತಿದ್ರು? ಕ್ರೇನ್ ಡ್ರೈವರ್ ಆ ತಂತಿ ನೋಡಿ, ನಾನ್ ಒಳಕ್ಕೆ ಇಳಿಯಲ್ಲ, ನಂಗೂ ಎಂಡ್ತಿ ಮಕ್ಳವ್ರೆ ಅಂದ. ಮಳೆ ಬೇರೆ ಉಯ್ತು. ಮಾಗಡಿಯೋನು ಬಂದು ಮದ್ದು ತಗುದ್ಮೇಲೆ, ಮಾರನೇ ದಿನ ಮದ್ಯಾನ ಎತ್ತುದ್ರು. ಎತ್ತುತ್ಲೂ ಮೇಲಿಂದು ಬಂದು ದಡಾರ್ ಅಂತ ನಾವ್ ಕುಂತಿದ್ವಲ್ಲ, ಅಲ್ಲೇ ಬಿತ್ತು."

"ನೀನು ಅಲ್ಲೇ ಇದ್ದೆಯಾ? ಬೆಂಗಳೂರಿಗೆ ಹೋಗಲಿಲ್ಲವಾ?"

"ನಮ್ ಚಿಕ್ಕಪ್ಪನ್ ಕಳುಸ್ದೆ. ನಾನು ಕಾಲ್ ತಕಂಬರಕ್ಕೆ ಉಳ್ಕಂಡೆ. ಅವ್ನ ಕಾಲಲ್ವಾ? ಅಲ್ಲೇ ಬುಟ್ಬುಟ್ಟು ಬರಕ್ಕಾಯ್ತದಾ? ಒಂದು ಸೀರೇಲಿ ಸುತ್ಕಂಡು ಬಂದು ನಮ್ ಹೊಲದಲ್ಲೇ ಮಣ್ಣು ಮಾಡ್ದೆ."

ಆಕೆ ಅದನ್ನು ತೋಟದ ಕೆಲಸದ ವಿಷಯ ಹೇಳುವಷ್ಟು ಸಹಜವಾಗಿ ಹೇಳಿದಳು. ಮಾರನೆಯ ದಿನ ಮಧ್ಯಾಹ್ನ ಎಂಬ ಮಾತನ್ನು ಮಾತ್ರ ನನ್ನ ಮನಸ್ಸು ಹಿಡಿದುಕೊಂಡಿತ್ತು. ಅಷ್ಟು ಹೊತ್ತು ಅವನು ಉಳಿಯುತ್ತಿರಲಿಲ್ಲ. ಆ ಸಮಾಧಾನದಿಂದ ಕಣ್ಣು ಒದ್ದೆಯಾಯಿತು. ಆಕೆ ಎದ್ದು ಹೊರಡುವಾಗ ಬಾಗಿಲ ಹತ್ತಿರ ತಡೆದು ನಿಂತಳು.

"ಅವ್ನು ನನ್ ಜೊತೆ ಮಾತಾಡ್ತಿಲ್ಲ ಡಾಕ್ಟ್ರಮ್ಮ. ತಗೀರಿ ಅಂತ ನಾನಂದೆ ಅಂತ. ಉಣ್ಣಕ್ಕಿಕ್ಕುದ್ರೆ ಉಣ್ತಾನೆ. ಮಾತಿಲ್ಲ."

ಮುಂದಿನ ಭಾನುವಾರ ನಾನೂ ಸಿಸ್ಟರೂ ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆವು. ಹೋಗಲು ಭಯವಿತ್ತು. ಸಿಸ್ಟರ್ ಜೊತೆಗೆ ಬರದಿದ್ದರೆ ಅರ್ಧ ದಾರಿಯಲ್ಲೇ ಇಳಿದುಬಿಡುತ್ತಿದ್ದೆ. ಅವನು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ, ಒಂದು ಉದ್ದ, ಒಂದು ಮೋಟು. ಹಿಪ್ಪುನೇರಳೆ ಸೊಪ್ಪನ್ನು ಕಡ್ಡಿಯಿಂದ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದ. ನಮ್ಮನ್ನು ನೋಡಿ ಏಳಲು ಹೋಗಿ, ಏಳಲಾಗದೆ ಮತ್ತೆ ಕೂತ. ಗಾಯ ನೋಡಿದೆ. ಚೆನ್ನಾಗಿ ವಾಸಿಯಾಗಿತ್ತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

"ಒಂದ್ ಮಾತು ಕೇಳ್ಲಾ?" ಎಂದ. "ನೀವಿನ್ನೊಸಿ ಕಾದಿದ್ರೆ ಕ್ರೇನ್ ಬಂದಿರೋದಲ್ವಾ?"

ಮಾರನೆಯ ದಿನದ ಕಥೆ ಅವನಿಗೂ ಗೊತ್ತಿತ್ತು, ಅಕ್ಕ ಹೇಳದಿದ್ದರೂ ಊರು ಹೇಳಿತ್ತು. ಆದರೂ ಕೇಳಿದ. ನಾನು ಡಾಕ್ಟರರ ಭಾಷೆಯಲ್ಲಿ ಏನೇನೋ ಹೇಳಲು ಸಿದ್ಧಮಾಡಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟೆ.

"ಅವತ್ತು ನನಗೆ ಅದು ಗೊತ್ತಿರಲಿಲ್ಲಪ್ಪ" ಎಂದೆ. "ಕಾದರೆ ನೀನು ಕೈ ತಪ್ಪಿ ಹೋಗ್ತೀಯ ಅನ್ನೋ ಭಯ. ಮೇಲಿನ ಕಲ್ಲು ಬೀಳುತ್ತೆ ಅನ್ನೋ ಭಯ. ಮದ್ದು ಸಿಡಿದರೆ ನನ್ನ ಮಗಳ ಗತಿ ಏನು ಅನ್ನೋ ಭಯ. ಅಷ್ಟೂ ಭಯದಲ್ಲಿ ಕೊಯ್ದೆ."

"ನಿಮ್ಗೂ ಎದ್ರಿಕೆ ಆಗಿತ್ತಾ?"

"ನಿನಗಿಂತ ಹೆಚ್ಚು. ನಿನಗೆ ಮದ್ದು ಕೊಟ್ಟಿದ್ದೆ, ನನಗೆ ಯಾರೂ ಕೊಡಲಿಲ್ಲ. ಓಡೋಣ ಅಂತಾನೂ ನೋಡಿದೆ, ಕಾಲು ಬರಲಿಲ್ಲ."

ಅವನು ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿಸುತ್ತಾ ಕೂತ. "ಅಕ್ಕಂಗೆ?" ಎಂದ, ಆಕೆಯ ಕಡೆ ನೋಡದೆ.

ಸಿಸ್ಟರ್ ಉತ್ತರ ಕೊಟ್ಟರು. "ಕಲ್ಲು ಉದುರುವಾಗ ನಿನ್ನ ಮುಖದ ಮೇಲೆ ಬಗ್ಗಿಕೊಂಡಿದ್ರು ಕಣಪ್ಪ. ತಲೆ ಮೇಲೆ ಟೊಪ್ಪಿಗೆಯೂ ಇರಲಿಲ್ಲ."

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಳಗೆ ತಟ್ಟೆಗಳಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣಗೆ ಮಳೆ ಹುಯ್ದ ಹಾಗೆ. ಅವನು ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದ.

"ಅಕ್ಕ" ಎಂದ, "ಡಾಕ್ಟ್ರಮ್ಮಂಗೆ, ಸಿಸ್ಟರಮ್ಮಂಗೆ ಮಜ್ಜಿಗೆ ಕೊಡಲ್ವಾ? ಬಿಸ್ಲಲ್ ಬಂದವ್ರೆ."

ಆಕೆ ಸರಕ್ಕನೆ ಒಳಗೆ ಹೋದಳು. ಮಜ್ಜಿಗೆ ಬರಲು ಬಹಳ ಹೊತ್ತು ಹಿಡಿಯಿತು. ತಂದಾಗ ಆಕೆಯ ಕಣ್ಣು ಕೆಂಪಗಿತ್ತು, ಮಜ್ಜಿಗೆಗೆ ಉಪ್ಪು ಎರಡು ಸಲ ಬಿದ್ದಿತ್ತು. ನಾವು ಪೂರ್ತಿ ಕುಡಿದೆವು.

ಅವನು ಮುಂದೆ ಕೃತಕ ಕಾಲು ಹಾಕಿಸಿಕೊಂಡ. ಮಂಡಿ ಇದ್ದುದರಿಂದ ಬೇಗ ನಡೆಯಲು ಕಲಿತ. ಮತ್ತೆ ಕ್ವಾರಿಗೆ ಹೋಗಲಿಲ್ಲ. ಅಕ್ಕನನ್ನೂ ಬಿಡಿಸಿ, ಇಬ್ಬರೂ ರೇಷ್ಮೆ ನೋಡಿಕೊಂಡರು ಎಂದು ಕೇಳಿದೆ. ನನಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಯೂ ಒಂದೆರಡು ಸಲ ಥಿಯೇಟರು ಬಿಟ್ಟು ರಸ್ತೆಯಲ್ಲಿ, ಉರುಳಿದ ಬಸ್ಸಿನ ಪಕ್ಕದಲ್ಲಿ ಮಂಡಿಯೂರಿ ಕೆಲಸ ಮಾಡಬೇಕಾಯಿತು. ಭಯ ಒಂದು ಸಲವೂ ಕಡಿಮೆಯಾಗಲಿಲ್ಲ.

ಆ ಭಾನುವಾರ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಸಿಸ್ಟರ್ ಕಿಟಕಿಯ ಹೊರಗೆ ನೋಡುತ್ತಿದ್ದವರು, "ಅವತ್ತು ನಾನೇನು ಹೇಳಿಕೊಳ್ತಿದ್ದೆ ಗೊತ್ತಾ ಮೇಡಂ?" ಎಂದು ಕೇಳಿದರು.

"ಪ್ರಾರ್ಥನೆ ಅಲ್ವಾ?"

"ಪ್ರಾರ್ಥನೆ ಮರೆತೇ ಹೋಗಿತ್ತು. ಒಂದು ಮಾತೂ ನೆನಪಾಗಲಿಲ್ಲ. ನನ್ನ ಮಕ್ಕಳ ಹೆಸರು ಹೇಳ್ತಿದ್ದೆ. ದೊಡ್ಡವನದು, ಚಿಕ್ಕವಳದು, ಮತ್ತೆ ದೊಡ್ಡವನದು."

ನಾನು ಅವರ ಕೈ ಹಿಡಿದುಕೊಂಡೆ. ಕಂಡಕ್ಟರು ಟಿಕೆ‍ಟು ಕೇಳಲು ಬಂದು, ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ ಮುಂದಿನ ಸೀಟಿಗೆ ಹೋದ.